ಗುನುಗಿದ್ರೆ ಹಾಡು ಹುಡುಕಿಕೊಡೋ ಸೌಲಭ್ಯ: ಹಾಡು ಸಿಗತ್ತೆ, ಹಾಡು ಕಟ್ಟಿದವರು ಸಿಗಲ್ಲ

ಮೊದಲೇ ಹೇಳ್ಬಿಡ್ತೀನಿ, ಹೋಟ್ಲಲ್ಲಿ ಬಸ್ಸಲ್ಲಿ ಕೇಳಿಸ್ತಿರೋ ಹಾಡಿಗೆ ಫೋನ್ ಹಿಡಿದ್ರೆ ಹೆಸರು ಹೇಳತ್ತಲ್ಲ, ಅದರ ವಿಮರ್ಶೆ ಅಲ್ಲ ಇದು. ನಾವೇ ಬಾಯಲ್ಲಿ ಮ್ ಮ್ ಅಂತ ಗುನುಗಿದ್ರೆ ಇದಿರಬಹುದು, ಅದಿರಬಹುದು ಅಂತ ಒಂದಷ್ಟು ಹೆಸರು ತೋರಿಸತ್ತಲ್ಲ, ಅದು. ಈಗ ಬೇರೆ ಬೇರೆ ಆ್ಯಪ್‌ಗಳಲ್ಲಿ ಬಂದಿದೆ, ದುಡ್ಡು ಕೊಡೋ ಹಾಗೂ ಇಲ್ಲ, ಅದಕ್ಕೇ ಕಂಪನಿ ಹೆಸರು ಬೇಡ. ವರ್ಷಗಟ್ಟಲೆ ಬಳಸಿದೀನಿ, ಮಗಳು ಹಾಕಿಕೊಟ್ಟಿದ್ದು.

ನಾನು ಇದನ್ನ ಬಳಸೋಕೆ ಶುರು ಮಾಡಿದ್ದೇ ಒಂದು ಹಾಡಿಗೋಸ್ಕರ. ಎಂಬತ್ತರ ದಶಕದ ಶುರುವಲ್ಲಿ ಮೈಸೂರಲ್ಲಿ ಹಾಸ್ಟೆಲ್‌ನಲ್ಲಿದ್ದಾಗ ಪಕ್ಕದ ರೂಮಿನ ಹುಡುಗಿ ಹತ್ರ ಟೇಪ್ ರೆಕಾರ್ಡರ್ ಇತ್ತು, ಅವಳ ಅಣ್ಣ ದುಬೈಯಿಂದ ತಂದಿದ್ದು, ಸಂಜೆ ಆಯ್ತು ಅಂದ್ರೆ ಒಂದೇ ಕ್ಯಾಸೆಟ್ ತಿರುಗಿಸಿ ತಿರುಗಿಸಿ ಹಾಕೋಳು. ಗೋಡೆ ಆಚೆಯಿಂದ ಬರ್ತಿದ್ದದ್ದು ಬರೀ ದಪ್ಪ ಗಿಟಾರಿನ ಧಿಂ ಧಿಂ, ಎಳೇ ಹುಡುಗಿ ದನಿ, ಆಮೇಲೆ ಎರಡೇ ಎರಡು ಮಾತು, "ಆವೋ ನಾ". ಕ್ಯಾಸೆಟ್ ಮೇಲೆ ಹೆಸರಿಲ್ಲ, ಯಾರಿಂದಲೋ ಕಾಪಿ ಮಾಡಿಸಿಕೊಂಡಿದ್ದು. ಹಾಸ್ಟೆಲ್ ಬಿಟ್ಟೆ, ಕೆಲಸ, ಮದುವೆ, ಮಕ್ಕಳು ಎಲ್ಲಾ ಆಯ್ತು, ಆ ಟ್ಯೂನ್ ಮಾತ್ರ ತಲೇಲಿ ಕೂತೇ ಇತ್ತು.

ಟೈಪ್ ಮಾಡಿ ಹುಡುಕಿ ಅಂತೀರಾ? ಹುಡುಕಿ ನೋಡಿ. "ಆವೋ ನಾ" ಅಂತ ಹಾಕಿದ್ರೆ 2004ರ ಹಿಂದಿ ಸಿನಿಮಾದ ಒಂದು ಹಾಡು ಬರತ್ತೆ, 2014ರ ಹೈದರ್ ಸಿನಿಮಾದ ಹಾಡು ಬರತ್ತೆ, ಅದರ ಕೆಳಗೆ ಅವುಗಳ ಲಿರಿಕ್ಸು, ರೀಮಿಕ್ಸು, ಸ್ಟೇಟಸ್ ವಿಡಿಯೋ. ಮಾತು ಸಾಧಾರಣದ್ದಾದ್ರೆ ಹೊಸ ಹಾಡುಗಳ ರಾಶಿ ಕೆಳಗೆ ಹಳೇದು ಮುಚ್ಚಿಹೋಗತ್ತೆ. ಹಾಗಾಗಿ ಗುನುಗೋದೊಂದೇ ದಾರಿ.

ಗುನುಗೋಕೂ ಒಂದು ಹೊತ್ತು ಜಾಗ ಬೇಕು. ಹಗಲು ಮನೇಲಿ ಆಗಲ್ಲ, ಕುಕ್ಕರ್ ಕೂಗತ್ತೆ, ಮೇಲಿನ ಮನೆಯವರ ಮಿಕ್ಸಿ, ಬೀದಿಲಿ ಸೊಪ್ಪಿನವರು. ರಾತ್ರಿ ಅಡುಗೆಮನೆ ಒರೆಸಿ, ಹಾಲಿಗೆ ಹೆಪ್ಪು ಹಾಕಿ, ಹಾಲ್‌ನಲ್ಲಿ ಫ್ಯಾನ್ ಆಫ್ ಮಾಡಿ ಕೂತ್ಕೋತೀನಿ. ನಮ್ಮನೆಯವರು ಅಷ್ಟೊತ್ತಿಗೆ ಟಿವಿ ಆಫ್ ಮಾಡಿ, ಮಾತಾಡದೆ ಪಕ್ಕದಲ್ಲಿ ಪೇಪರ್ ಮಡಿಸ್ತಾ ಕೂತಿರ್ತಾರೆ. ಫೋನ್ ಬಾಯಿಂದ ಒಂದು ಗೇಣು ದೂರ ಹಿಡೀಬೇಕು, ತೀರಾ ಹತ್ರ ಹಿಡಿದ್ರೆ ಉಸಿರೇ ಜಾಸ್ತಿ ಕೇಳತ್ತೆ. "ಲಾ ಲಾ"ಗಿಂತ "ತ ನ ನ" ಒಳ್ಳೇದು, ಪ್ರತಿ ಸ್ವರಾನೂ ಬಿಡಿಬಿಡಿಯಾಗಿ ಬೀಳತ್ತೆ. ಹತ್ತು ಹದಿನೈದು ಸೆಕೆಂಡ್ ಬಿಡದೆ ಗುನುಗಬೇಕು. ಪಲ್ಲವಿ ಬಿಟ್ಟು ಮಧ್ಯದ ಮ್ಯೂಸಿಕ್ ಗುನುಗಿದ್ರೆ ನನಗೆ ಯಾವತ್ತೂ ಸಿಕ್ಕಿಲ್ಲ, ಆದ್ರೆ ಎಷ್ಟೋ ಹಾಡಲ್ಲಿ ನಮಗೆ ನೆನಪಿರೋದೇ ಆ ಮಧ್ಯದ ವಯೊಲಿನ್ನು.

ಇದು ದನಿ ನೋಡಲ್ಲ, ವಾದ್ಯ ನೋಡಲ್ಲ, ಶ್ರುತಿ ಸ್ವಲ್ಪ ಮೇಲೆ ಕೆಳಗಾದ್ರೂ ನಡೆಯತ್ತೆ, ಸ್ವರ ಏರೋದು ಇಳಿಯೋದನ್ನ ಮಾತ್ರ ಅಂಕಿಗಳ ಸಾಲಾಗಿ ಮಾಡ್ಕೊಂಡು ಹೋಲಿಸತ್ತೆ. ಮೊದಲು ಹೇಳಿದ್ನಲ್ಲ, ಕೇಳಿಸ್ತಿರೋ ಹಾಡಿಗೆ ಫೋನ್ ಹಿಡಿಯೋ ಶಜಾಮ್ ತರದ ಆ್ಯಪ್, ಅದರ ಲೆಕ್ಕ ಬೇರೆ, ಅದು ಅದೇ ರೆಕಾರ್ಡಿಂಗನ್ನೇ ಬೆರಳಚ್ಚಿನ ಹಾಗೆ ಗುರುತು ಹಿಡಿಯೋದು, 2002ರಲ್ಲಿ ಇಂಗ್ಲೆಂಡ್‌ನಲ್ಲಿ ಶುರುವಾದಾಗ 2580 ನಂಬರಿಗೆ ಫೋನ್ ಮಾಡಿ ಹಾಡು ಕೇಳಿಸ್ತಿದ್ರಂತೆ, ಹೆಸರು ಮೆಸೇಜಲ್ಲಿ ಬರ್ತಿತ್ತಂತೆ. ಅದಕ್ಕೆ ಹಾಡು ನುಡೀತಾ ಇರಬೇಕು. ತಲೆಯೊಳಗೆ ಮಾತ್ರ ಇರೋ ಹಾಡಿಗೆ ಅದು ಏನೂ ಮಾಡಲ್ಲ.

ಬರೀ ಟ್ಯೂನ್ ನೋಡೋದರಿಂದ ನಮ್ಮ ಕಡೆ ಹಾಡುಗಳಿಗೆ ಒಂದು ತೊಡಕಿದೆ. ಗೀತಾ ಸಿನಿಮಾದ "ಜೊತೆಯಲಿ ಜೊತೆ ಜೊತೆಯಲಿ" ಗುನುಗಿ ನೋಡಿದೆ, ಕನ್ನಡಿಗರಿಗೆ ಇದಕ್ಕಿಂತ ಪರಿಚಯದ ಹಾಡು ಬೇಕಾ, 1981, ಇಳಯರಾಜಾ, ಎಸ್ಪಿಬಿ, ಜಾನಕಿ. ಮೇಲೆ ಬಂದಿದ್ದು 2007ರ ಚೀನಿ ಕಮ್ ಸಿನಿಮಾದ ಹಿಂದಿ ಹಾಡು. ಅದರ ಕೆಳಗೆ ತಮಿಳಿಂದು. ಅದೇ ಟ್ಯೂನನ್ನ ಇಳಯರಾಜಾ 1984ರಲ್ಲಿ ತಮಿಳಿಗೆ, ಆಮೇಲೆ ಹಿಂದಿಗೆ ಬಳಸಿದಾರೆ, ಹಾಗಾಗಿ ಟ್ಯೂನ್ ಲೆಕ್ಕದಲ್ಲಿ ಮೂರೂ ಸರಿ. ಆದ್ರೆ ಮೊದಲು ಹುಟ್ಟಿದ್ದು ಕನ್ನಡದಲ್ಲಿ. ಕನ್ನಡದ ಹೆಸರು ಬರೋಕೆ ಪಟ್ಟಿ ತಳ್ತಾ ಹೋಗ್ಬೇಕು, ಒಂದೊಂದು ಸಲ ಬರೋದೇ ಇಲ್ಲ. ಪಕ್ಕದಲ್ಲಿ ಶೇಕಡಾ ಇಷ್ಟು ಹೊಂದತ್ತೆ ಅಂತ ಬೇರೆ ತೋರಿಸತ್ತೆ, ಆ ಅಂಕಿ ನಂಬಬೇಡಿ, ಹಾಡು ಹಾಕಿ ಕಿವಿಯಲ್ಲೇ ಕೇಳಿ ನೋಡಿ.

ಇಷ್ಟಾದ್ರೂ ನನ್ನ ಹಾಡು ಸಿಕ್ತು! ಒಂದು ರಾತ್ರಿ ಪಟ್ಟಿಲಿ ಮೂರನೇ ಜಾಗದಲ್ಲಿ ನಾಜಿಯಾ ಹಸನ್ ಅಂತ ಬಂತು, ಒತ್ತಿದೆ, ಆ ಧಿಂ ಧಿಂ ಶುರುವಾದ ತಕ್ಷಣ ಮೈ ಜುಮ್ ಅಂತು. ಈ ಸಲ ಗೋಡೆ ಇಲ್ಲ, ಪೂರ್ತಿ ಮಾತು ಕೇಳ್ತಿದೆ. ನಮ್ಮನೆಯವರನ್ನ ಕರೆದು ಕೂರಿಸಿ ಮತ್ತೆ ಹಾಕಿದೆ, ಮಗಳಿಗೆ ಆಗಲೇ ಕಳಿಸಿದೆ. ಅದು 1981ರ ಡಿಸ್ಕೋ ದೀವಾನೆ ಆಲ್ಬಮ್‌ದು. ಸಿನಿಮಾ ಹಾಡೇ ಅಲ್ಲ, ಅದಕ್ಕೇ ಸಿನಿಮಾ ಹಾಡಿನ ಪಟ್ಟಿಗಳಲ್ಲಿ ಎಲ್ಲೂ ಇರಲಿಲ್ಲ. ಕರಾಚಿಲಿ ಹುಟ್ಟಿದ ಹುಡುಗಿ, ಕುರ್ಬಾನಿ ಸಿನಿಮಾದ "ಆಪ್ ಜೈಸಾ ಕೋಯಿ" ಹಾಡಿಗೆ ಹದಿನೈದನೇ ವಯಸ್ಸಲ್ಲಿ ಫಿಲ್ಮ್‌ಫೇರ್ ತಗೊಂಡವಳು, 2000ದಲ್ಲಿ ಮೂವತ್ತೈದಕ್ಕೇ ಕ್ಯಾನ್ಸರಿನಿಂದ ತೀರಿಕೊಂಡಳು. ಅದೇ ಆಲ್ಬಮ್‌ನ ಟೈಟಲ್ ಹಾಡನ್ನ 2012ರ ಸ್ಟೂಡೆಂಟ್ ಆಫ್ ದಿ ಇಯರ್‌ನಲ್ಲಿ ಮತ್ತೆ ಮಾಡಿದ್ರು, ನನ್ನ ಮಗಳು ಅದಕ್ಕೇ ಕಾಲೇಜ್ ಡೇಲಿ ಕುಣಿದಿದ್ಲು.

ಇಲ್ಲಿವರೆಗೂ ಐದಕ್ಕೆ ಐದು ಸ್ಟಾರ್ ಕೊಡೋಣ ಅಂತಿದ್ದೆ. ಸಿಟ್ಟು ಬಂದಿದ್ದು ಮಾರನೇ ದಿನ. ಆ ಗಿಟಾರಿನ ಧಿಂ ಧಿಂ ಮಾಡಿದ್ದು ಯಾರು ಅಂತ ನೋಡೋಣ ಅಂದ್ರೆ ಹುಡುಕಿಕೊಟ್ಟ ಪುಟದಲ್ಲಿ ಗಾಯಕಿ ಹೆಸರು, ಫೋಟೋ, ಕೇಳೋಕೆ ಲಿಂಕು, ಮುಗೀತು. ನಾನು ದುಡ್ಡು ಕಟ್ಟೋ ಮ್ಯೂಸಿಕ್ ಆ್ಯಪ್‌ನಲ್ಲೂ ಅಷ್ಟೇ. ಬೇರೆ ಕಡೆ ಓದಿ ತಿಳ್ಕೊಂಡೆ. ಬಿಡ್ಡು. ಪೂರ್ತಿ ಹೆಸರು ಬಿಡ್ಡು ಅಪ್ಪಯ್ಯ. ಕೊಡವರು, ಹುಟ್ಟಿದ್ದು ನಮ್ಮ ಬೆಂಗಳೂರಲ್ಲಿ! ಟ್ರೋಜನ್ಸ್ ಅನ್ನೋ ಬ್ಯಾಂಡಲ್ಲಿ ಹಾಡ್ಕೊಂಡಿದ್ದವರು ಅರವತ್ತರ ದಶಕದಲ್ಲಿ ಲಂಡನ್ನಿಗೆ ಹೋಗಿ, 1974ರಲ್ಲಿ ಕಾರ್ಲ್ ಡಗ್ಲಸ್ ಕೈಲಿ "ಕುಂಗ್ ಫೂ ಫೈಟಿಂಗ್" ಹಾಡಿಸಿದವರು. ಅದು ರೆಕಾರ್ಡಿನ ಬಿ ಸೈಡಿಗೆ, ಅಂದ್ರೆ ಮುಖ್ಯ ಹಾಡಿನ ಹಿಂಬದಿಗೆ ಅಂತ ಮಾಡಿದ್ದು, ಇಂಗ್ಲೆಂಡ್ ಅಮೆರಿಕ ಎರಡು ಕಡೆಯೂ ನಂಬರ್ ಒನ್ ಆಯ್ತು. "ಆಪ್ ಜೈಸಾ ಕೋಯಿ" ಅವರದ್ದೇ, ಡಿಸ್ಕೋ ದೀವಾನೆ ಅವರದ್ದೇ, 1995ರಲ್ಲಿ ಅಲೀಶಾ ಹಾಡಿದ "ಮೇಡ್ ಇನ್ ಇಂಡಿಯಾ" ಕೂಡ ಅವರದ್ದೇ. ಮೈಸೂರಿನ ಹಾಸ್ಟೆಲ್ ಗೋಡೆ ಆಚೆ ನಾವು ದುಬೈ ಹಾಡು ಅಂತ ಕೇಳಿದ್ದನ್ನ ಕಟ್ಟಿದವರು ನಮ್ಮೂರಿನವರು ಅನ್ನೋದು ಎಷ್ಟು ದೊಡ್ಡ ವಿಷಯ, ಅದನ್ನೇ ಹೇಳಲ್ಲ ಅಂದ್ರೆ?

ಹಳೇ ಹಾಡಿಗೆ ಹೆಸರು ಹೇಳೋದು ಹೇಗೆ ಅಂತ ಆಕಾಶವಾಣಿ ಕೇಳ್ಕೊಂಡು ಬೆಳೆದವರಿಗೆ ಗೊತ್ತು. ಚಿತ್ರ ಗಾಳಿಮಾತು, ಸಾಹಿತ್ಯ ಚಿ. ಉದಯಶಂಕರ್, ಸಂಗೀತ ರಾಜನ್ ನಾಗೇಂದ್ರ, ಹಾಡಿದವರು ಎಸ್. ಜಾನಕಿ. ಇಷ್ಟೂ ಹೇಳಿ ಆಮೇಲೇ "ಒಮ್ಮೆ ನಿನ್ನನ್ನು" ಶುರುವಾಗ್ತಿತ್ತು. ನಿಸಾರ್ ಅಹಮದ್ ಅವರ ನಿತ್ಯೋತ್ಸವ 1978ರಲ್ಲಿ ಕ್ಯಾಸೆಟ್ ಆಗಿ ಬಂದಾಗಿಂದ ಭಾವಗೀತೆ ಕೇಳೋರೆಲ್ಲ ಕವಿ ಯಾರು, ರಾಗ ಹಾಕಿದವರು ಯಾರು ಅಂತ ಹೇಳ್ಕೊಂಡೇ ಹಾಡ್ತಿದ್ವಿ. ಈಗ ಆ್ಯಪ್‌ಗಳಲ್ಲಿ ಕಲಾವಿದರು ಅನ್ನೋ ಕಡೆ ಗಾಯಕರು, ಸಂಗೀತ ನಿರ್ದೇಶಕರು ಎಲ್ಲ ಒಟ್ಟಿಗೆ ತುರುಕಿರ್ತಾರೆ, ಯಾರು ಏನು ಮಾಡಿದ್ರು ಗೊತ್ತಾಗಲ್ಲ. ಸಾಹಿತಿ ಹೆಸರಂತೂ ಕೆಲವು ಕಡೆ ಇಲ್ಲವೇ ಇಲ್ಲ. ಇಷ್ಟು ಕಷ್ಟದ ಲೆಕ್ಕ ಮಾಡಿ ಗುನುಗಿದ್ದರಿಂದ ಹಾಡು ಹುಡುಕೋರಿಗೆ ಆ ಎರಡು ಸಾಲು ಹಾಕೋದು ಭಾರನಾ?

ನನ್ನ ಲೆಕ್ಕದಲ್ಲಿ ಐದಕ್ಕೆ ಮೂರು ಸ್ಟಾರ್. ಬಿಡಲ್ಲ ಮಾತ್ರ, ಬಳಸ್ತಾನೇ ಇರ್ತೀನಿ. ಹಿಂದಿ, ಇಂಗ್ಲಿಷ್ ಹಾಡಾದ್ರೆ ಧೈರ್ಯವಾಗಿ ನಂಬಬಹುದು, ಎಪ್ಪತ್ತರ ದಶಕದ ಕನ್ನಡಕ್ಕೆ ತಾಳ್ಮೆ ಬೇಕು. ತಿಂಗಳಿಗೆ ದುಡ್ಡು ಕಟ್ಟೋ ಮ್ಯೂಸಿಕ್ ಆ್ಯಪ್‌ನ ಇದಕ್ಕೋಸ್ಕರ ತಗೋಬೇಡಿ, ಪುಕ್ಕಟೆಯದ್ದೇ ಸಾಕು.

ಇನ್ನೊಂದು ಹಾಡು ಬಾಕಿ ಇದೆ, ಎಷ್ಟು ಗುನುಗಿದ್ರೂ ಬರ್ತಿಲ್ಲ. ಕನ್ನಡದ್ದೇ, ಹೆಣ್ಣು ದನಿ, ಎಪ್ಪತ್ತರ ಕೊನೇಲಿ ರೇಡಿಯೋದಲ್ಲಿ ಮಧ್ಯಾಹ್ನ ಬರ್ತಿತ್ತು, ಪಲ್ಲವಿ ಆದ್ಮೇಲೆ ವೀಣೆ, ಅದರ ಹಿಂದೇನೇ ಗಿಟಾರ್, ಚರಣದಲ್ಲಿ "ಹೊಳೆಯಾಚೆ" ಅಂತ ಒಂದು ಮಾತು ಬರತ್ತೆ. ಯಾರಿಗಾದ್ರೂ ಹೊಳೆದ್ರೆ ಕೆಳಗೆ ಹಾಕಿ, ಸಾಹಿತ್ಯ ಯಾರದ್ದು, ಸಂಗೀತ ಯಾರದ್ದು ಅನ್ನೋದೂ ಸೇರಿಸಿ.