ಪಾಳುಬಿದ್ದ ಬರ್ಲಿನ್‌ನಲ್ಲಿ ಎರಡು ಪ್ರೇಮಕಥೆ: ‘ದ ಬಿಗ್ ಲಿಫ್ಟ್’ ನೋಡಬೇಕೋ, ‘ಎ ಫಾರಿನ್ ಅಫೇರ್’ ನೋಡಬೇಕೋ?

ಯುದ್ಧ ಮುಗಿದ ಬರ್ಲಿನ್, ಅಮೆರಿಕದ ಸೈನಿಕ, ಜರ್ಮನ್ ಹೆಣ್ಣು: ಎರಡೂ ಚಿತ್ರಗಳ ಎಳೆ ಇದೇ. ಆದರೆ ಸೋವಿಯತ್ ದಿಗ್ಬಂಧನಕ್ಕೆ ಸಿಕ್ಕ ಊರನ್ನೇ ಕಾಣಬೇಕೆಂದರೆ ಜಾರ್ಜ್ ಸೀಟನ್ ನಿರ್ದೇಶನದ ‘ದ ಬಿಗ್ ಲಿಫ್ಟ್’ (1950) ನೋಡಿ. ಬಿಲ್ಲಿ ವೈಲ್ಡರ್ ಅವರ ‘ಎ ಫಾರಿನ್ ಅಫೇರ್’ 1948ರಲ್ಲಿ ತೆರೆಕಂಡಿತಾದರೂ ಅದರ ಕಥೆ ನಡೆಯುವುದು ದಿಗ್ಬಂಧನಕ್ಕೂ ಮುಂಚೆ.

‘ಬಿಗ್ ಲಿಫ್ಟ್’ನ ಜೀವ ಇರುವುದು ವಿಮಾನಗಳಲ್ಲಿ. 1948ರ ಜೂನ್ 24ರಂದು ಸೋವಿಯತ್ ಪಡೆ ನೆಲದ ದಾರಿ ಮುಚ್ಚಿದ ಮೇಲೆ ಪಶ್ಚಿಮ ಬರ್ಲಿನ್‌ನ 20 ಲಕ್ಷಕ್ಕೂ ಹೆಚ್ಚು ಜನರಿಗೆ ಹಿಟ್ಟು, ಕಲ್ಲಿದ್ದಲು ಎಲ್ಲ ಬಂದದ್ದು ಆಕಾಶಮಾರ್ಗದಲ್ಲಿ. ಒಂದು ಸಿ-54 ಸರಕು ವಿಮಾನ ಹೊರುತ್ತಿದ್ದದ್ದು ಸುಮಾರು 10 ಟನ್. ಮಂಜಿನಲ್ಲಿ ಬರ್ಲಿನ್‌ನ ಟೆಂಪಲ್‌ಹೋಫ್ ವಿಮಾನ ನಿಲ್ದಾಣಕ್ಕೆ ಇಳಿಯುವ ದೃಶ್ಯವನ್ನು ಹೆಡ್‌ಫೋನ್ ಹಾಕಿಕೊಂಡೇ ನೋಡಿ. ನೆಲದ ಮೇಲೆ ರೇಡಾರ್ ಮುಂದೆ ಕೂತವನು ದಿಕ್ಕು, ಎತ್ತರ ಹೇಳುತ್ತಲೇ ಹೋಗುತ್ತಾನೆ. ಕೊನೆಯ ಹಂತದಲ್ಲಿ ಪೈಲಟ್ ಉತ್ತರ ಕೊಡುವುದಿಲ್ಲ, ಕೇಳಿಸಿಕೊಂಡು ವಿಮಾನವನ್ನು ಸರಿಪಡಿಸುತ್ತಾನೆ ಅಷ್ಟೆ. ಇಳಿಯುವ ದಾರಿಯಲ್ಲೇ ವಸತಿ ಕಟ್ಟಡಗಳು. ಈ ಸಾಗಣೆಯ ಹೊಣೆ ಹೊತ್ತಿದ್ದ ಜನರಲ್ ಟನ್ನರ್ ತಂದ ನಿಯಮ ಗೊತ್ತಿದ್ದರೆ ಆ ಬಿಗಿ ಇನ್ನೂ ಚೆನ್ನಾಗಿ ತಿಳಿಯುತ್ತದೆ: ಮೊದಲ ಸಲ ಇಳಿಯಲಾಗದಿದ್ದರೆ ಎರಡನೇ ಸುತ್ತಿಲ್ಲ, ಸರಕಿನ ಸಮೇತ ವಾಪಸ್. ಹಿಂದೆ ಮೂರೇ ನಿಮಿಷದಲ್ಲಿ ಇನ್ನೊಂದು ವಿಮಾನ ಬರುತ್ತಿರುತ್ತದೆ.

ಚಿತ್ರೀಕರಣ ನಡೆದದ್ದು 1949ರ ಬರ್ಲಿನ್‌ನಲ್ಲೇ. ಮುಖ್ಯ ನಟರಾದ ಮಾಂಟ್ಗೊಮರಿ ಕ್ಲಿಫ್ಟ್, ಪಾಲ್ ಡಗ್ಲಸ್ ಇಬ್ಬರನ್ನು ಬಿಟ್ಟರೆ ಸಮವಸ್ತ್ರದಲ್ಲಿರುವವರೆಲ್ಲ ನಿಜವಾದ ಸೈನಿಕರು. ಕೆಲಸ ಮಾಡುವಾಗ ಅವರ ಕೈ ಸಹಜ, ಮಾತಿಗಿಳಿದರೆ ಒಪ್ಪಿಸಿದಂತೆ ಕೇಳುತ್ತದೆ. ಡಗ್ಲಸ್ ತನ್ನ ಗೆಳತಿಗೆ ಪ್ರಜಾಪ್ರಭುತ್ವದ ಪಾಠ ಹೇಳುವ ಭಾಗ ಎಳೆದಂತಿದೆ. ಕ್ಲಿಫ್ಟ್‌ನ ಪ್ರೇಯಸಿಯಾಗಿ ಕಾರ್ನೆಲ್ ಬಾರ್ಕರ್ಸ್ ಮಾತ್ರ ಕೊನೆಯವರೆಗೂ ಗುಟ್ಟು ಬಿಟ್ಟುಕೊಡದೆ ನಟಿಸಿದ್ದಾರೆ.

ಚಿತ್ರಕಥೆಯ ವಿಷಯಕ್ಕೆ ಬಂದರೆ ವೈಲ್ಡರ್ ಎಷ್ಟೋ ಮುಂದೆ. ಅಮೆರಿಕದ ಅಯೋವಾದಿಂದ ಬಂದ ಕೇಕನ್ನು ಕಥಾನಾಯಕ ಕ್ಯಾಪ್ಟನ್ ಪ್ರಿಂಗಲ್ ಕಾಳಸಂತೆಗೆ ಒಯ್ದು ಹಾಸಿಗೆಗೆ ಬದಲಾಯಿಸಿಕೊಂಡು, ಅದನ್ನು ಮರ್ಲೀನ್ ಡೀಟ್ರಿಕ್ ಪಾತ್ರದ ಮುರುಕು ಮನೆಗೆ ಹೊತ್ತೊಯ್ಯುತ್ತಾನೆ. ಸಿಗರೇಟು, ಸಿಹಿ, ಹಾಸಿಗೆಗಳೇ ನಾಣ್ಯವಾಗಿದ್ದ ಊರು ಅಷ್ಟರಲ್ಲೇ ಅರ್ಥವಾಗುತ್ತದೆ. ಫ್ರೀಡ್ರಿಶ್ ಹೊಲೆಂಡರ್ ಅವರ ಹಾಡುಗಳಿಗಾಗಿಯೇ ಎರಡನೇ ಸಲ ನೋಡಬಹುದು. ಕೊರತೆ ಇರುವುದು ಊರಿನಲ್ಲಿ. ಬರ್ಲಿನ್ ದೃಶ್ಯಗಳನ್ನು 1947ರಲ್ಲಿ ಚಿತ್ರಿಸಿ ತಂದು, ನಟರನ್ನು ಹಾಲಿವುಡ್ ಸ್ಟುಡಿಯೋದಲ್ಲಿ ಅವು ಮೂಡುವ ಪರದೆಯ ಮುಂದೆ ಕೂರಿಸಿ ತೆಗೆದರು. ಕಾರಿನ ದೃಶ್ಯಗಳಲ್ಲಿ ಹಿಂದಿನ ಚಿತ್ರ ಮಸುಕಾಗಿದ್ದು ಮುಖಗಳು ಮಾತ್ರ ಚೂಪಾಗಿರುವುದು ಎದ್ದು ಕಾಣುತ್ತದೆ. ‘ಬಿಗ್ ಲಿಫ್ಟ್’ನಲ್ಲಾದರೋ ಕ್ಲಿಫ್ಟ್ ನಡೆದದ್ದು ನಿಜವಾದ ಇಟ್ಟಿಗೆಯ ರಾಶಿಗಳ ನಡುವೆ. ಆ ವ್ಯತ್ಯಾಸವನ್ನು ಯಾವ ಸಂಭಾಷಣೆಯೂ ತುಂಬಿಕೊಡಲಾರದು.

ಪ್ರತಿ ಆರಿಸುವಾಗ ಎಚ್ಚರ. ‘ಫಾರಿನ್ ಅಫೇರ್’ ಬ್ಲೂ-ರೇಯಲ್ಲಿ ಸಿಗುತ್ತದೆ. ‘ಬಿಗ್ ಲಿಫ್ಟ್’ನ ಉಚಿತ ಪ್ರತಿಗಳು ಬೇಕಾದಷ್ಟಿವೆ, ಗುಣಮಟ್ಟ ಒಂದೊಂದರದು ಒಂದೊಂದು ತರ. ಇಳಿಸಿಕೊಳ್ಳುವ ಮೊದಲು ಮಂಜಿನ ದೃಶ್ಯಕ್ಕೆ ಹಾರಿ ನೋಡಿ. ಬೂದು ಬಣ್ಣದ ಛಾಯೆಗಳು ಕಲಸಿಹೋಗಿದ್ದರೆ, ರೇಡಿಯೋ ಮಾತಿನ ಮೇಲೆ ಕರಕರ ಸದ್ದಿದ್ದರೆ ಬೇರೆ ಪ್ರತಿ ಹುಡುಕಿ. ಯಂತ್ರವೇ ಹಾಕಿದ ಸಬ್‌ಟೈಟಲ್ ಜರ್ಮನ್ ಮಾತುಗಳಲ್ಲಿ ಎಡವುತ್ತದೆ, ಅದನ್ನು ಆಫ್ ಮಾಡಿಬಿಡಿ. ಸಂದರ್ಭದಿಂದಲೇ ಹೆಚ್ಚು ತಿಳಿಯುತ್ತದೆ.