ಅಪಿಸ್ಟೊ ಮರಿ ಮಾಡಿಸುವ ಟ್ಯಾಂಕಿಗೆ ಜೊತೆ ಯಾರು? ನಿಯಾನ್, ಕೋರಿ, ಹ್ಯಾಚೆಟ್, ಪೆನ್ಸಿಲ್

ಅಪಿಸ್ಟೊ ಅನ್ನುವ ಪುಟ್ಟ ಸಿಕ್ಲಿಡ್ ಮೀನಿನ ಜೋಡಿಯನ್ನು ಬೇರೆ ಮೀನಿಲ್ಲದ ಟ್ಯಾಂಕಿಗೆ ಬಿಟ್ಟರೆ ಅವು ಮೊಟ್ಟೆ ಇಡಲೆಂದು ಹಾಕಿದ ತೆಂಗಿನ ಕರಟದ ಹಿಂದೆ ಅಡಗಿಕೊಂಡೇ ಕಾಲ ಕಳೆಯುತ್ತವೆ. ಮೇಲೆ ಸಣ್ಣ ಮೀನುಗಳು ಆರಾಮಾಗಿ ಓಡಾಡುತ್ತಿದ್ದರೆ ಮಾತ್ರ ‘ಹಕ್ಕಿ ಗಿಕ್ಕಿ ಏನೂ ಬಂದಿಲ್ಲ’ ಅಂತ ಅವಕ್ಕೆ ಧೈರ್ಯ ಬರುತ್ತದೆ. ಇಂಥ ಜೊತೆ ಮೀನಿಗೆ ಸಾಕುವವರು ಡಿದರ್ ಅನ್ನುತ್ತಾರೆ. ಇನ್ನೊಂದು ಉಪಯೋಗವೂ ಉಂಟು. ಮೊಟ್ಟೆ ಇಟ್ಟ ಹೆಣ್ಣಿನ ಸಿಟ್ಟೆಲ್ಲ ಗಂಡಿನ ಮೇಲೇ ಬೀಳದೆ ಅಷ್ಟಿಷ್ಟು ಹಂಚಿಹೋಗುತ್ತದೆ. ಎರಡಡಿ ಟ್ಯಾಂಕಿನಲ್ಲಿ ಇದು ಸಣ್ಣ ಮಾತಲ್ಲ. ಐದು ಸೆಂ.ಮೀ. ಹೆಣ್ಣು ಎಂಟು ಸೆಂ.ಮೀ. ಗಂಡನ್ನು ಮೂಲೆಗೆ ಅಟ್ಟಿ ಸಾಯಿಸಿದ್ದೂ ಉಂಟು.

ನನ್ನಲ್ಲಿರುವುದು ಕಕಾಟೂ ಅಪಿಸ್ಟೊ, ಪೆರು ಕಡೆಯ ಅಮೆಜಾನ್ ತೊರೆಗಳ ಮೀನು. ಬೆಂಗಳೂರಿನ ಬೋರ್‌ವೆಲ್ ನೀರು ಗಡಸು, ಹಾಗಾಗಿ ಆರ್‌ಒ ನೀರು ಬೆರೆಸಿ ಟಿಡಿಎಸ್ (ನೀರಲ್ಲಿ ಕರಗಿದ ಲವಣಾಂಶ) 150ರ ಆಸುಪಾಸಿಗೆ ಇಳಿಸಿಕೊಳ್ಳುತ್ತೇನೆ. 26 ಡಿಗ್ರಿ ಶಾಖ, ತಳದಲ್ಲಿ ಒಣಗಿದ ಕಾಡುಬಾದಾಮಿ ಎಲೆ.

ಅಂಗಡಿಯವರು ಮೊದಲು ತೋರಿಸುವುದು ನಿಯಾನ್ ಟೆಟ್ರಾ. ಅಗ್ಗ, ಎಲ್ಲೆಡೆ ಸಿಗುತ್ತದೆ, ಗುಂಪಾಗಿ ಬಿಟ್ಟರೆ ಅಪಿಸ್ಟೊಗಳ ಹೆದರಿಕೆ ಬೇಗ ಬಿಡುತ್ತದೆ. ಆದರೆ ನಿಯಾನ್ ಮೇಲೆಯೇ ಇರುವ ಜಾತಿಯಲ್ಲ. ಆಹಾರ ಉದುರಿದ ಕಡೆಗೆಲ್ಲ ಇಳಿಯುತ್ತದೆ, ಮರಿ ಹಿಂಡಿನ ಅಂಚಿಗೆ ಬಂದು ಒಂದೊಂದನ್ನೇ ಹೆಕ್ಕುತ್ತದೆ. ಮರಿ ಬೇಡ, ನೋಡಲು ಚೆಂದವಿದ್ದರೆ ಸಾಕು ಅನ್ನುವವರಿಗೆ ಅಡ್ಡಿಯಿಲ್ಲ. ಅಪಿಸ್ಟೊ ಬಂಧುವಾದ ರಾಮ್ ಸಿಕ್ಲಿಡ್ ಸಾಕುವವರು ಮಾತ್ರ ನಿಯಾನ್ ಬಿಟ್ಟು ಅದರದೇ ಬಳಗದ ಕಾರ್ಡಿನಲ್ ಟೆಟ್ರಾ ತರಬೇಕು. ರಾಮ್ ಕೇಳುವ 28 ಡಿಗ್ರಿ ಶಾಖ ಕಾರ್ಡಿನಲ್‌ಗೆ ಒಗ್ಗುತ್ತದೆ, ನಿಯಾನ್‌ಗೆ ಅಲ್ಲ.

ತಳದಲ್ಲೇ ಓಡಾಡುವ ಮೀಸೆಯ ಮೀನು ಕೋರಿ ಬಗ್ಗೆ ನನಗೆ ಪ್ರೀತಿ ಇದೆ, ಆದರೂ ಮರಿ ಮಾಡಿಸುವ ಟ್ಯಾಂಕಿಗೆ ಬೇಡವೇ ಬೇಡ. ಅಪಿಸ್ಟೊ, ಕೋರಿ ಇಬ್ಬರಿಗೂ ಬೇಕಾದ್ದು ಅದೇ ತಳ. ಹೆಣ್ಣು ಹಳದಿ ಬಣ್ಣಕ್ಕೆ ತಿರುಗಿ, ರೆಕ್ಕೆ ಬಿಚ್ಚಿ ಎದುರು ನಿಂತರೆ ಟೆಟ್ರಾ ಹಿಂದೆ ಸರಿಯುತ್ತದೆ, ಕೋರಿಗೆ ಆ ಭಾಷೆಯೇ ಗೊತ್ತಿಲ್ಲ. ಮೀಸೆ ಆಡಿಸಿಕೊಂಡು ನೇರ ಕರಟದೊಳಗೆ ನುಗ್ಗುತ್ತದೆ. ಮೈಮೇಲೆ ಗಟ್ಟಿ ಫಲಕಗಳಿರುವುದರಿಂದ ಕಚ್ಚಿದರೂ ನಾಟದು. ಆಗ ಹೆಣ್ಣು ಅದರ ಕಣ್ಣಿಗೇ ಬಾಯಿ ಹಾಕುತ್ತದೆ. ರಾತ್ರಿ ದೀಪ ಆರಿದ ಮೇಲೆ ಅಪಿಸ್ಟೊಗೆ ಕಣ್ಣು ಕಾಣದು, ಕೋರಿಗೆ ಮೀಸೆಯೇ ಸಾಕು. ಬೆಳಿಗ್ಗೆ ನೋಡಿದರೆ ಕರಟದ ಒಳಮೈಗೆ ಅಂಟಿದ್ದ ಮೊಟ್ಟೆಯೆಲ್ಲ ಸಾಫ್! ಬ್ರಿಸಲ್‌ನೋಸ್ ಪ್ಲೆಕೊ ಅನ್ನುವ ತಳದ ಮೀನಿನದ್ದೂ ಇದೇ ಕಥೆ.

ಹ್ಯಾಚೆಟ್ ಮೀನು ಇದಕ್ಕೆ ತದ್ವಿರುದ್ಧ. ನೀರಿನ ಮೇಲ್ಪದರ ಬಿಟ್ಟು ಕೆಳಗಿಳಿಯುವುದೇ ಅಪರೂಪ, ಮರಿಗಳಿಗೆ ಅದರಿಂದ ಭಯವಿಲ್ಲ. ಆದರೆ ತಾನೇ ಪುಕ್ಕಲು. ಯಾರೋ ಬಾಗಿಲು ಹಾಕಿದ ಸದ್ದಿಗೆ ಮೇಲಕ್ಕೆ ಹಾರುತ್ತದೆ, ಮುಚ್ಚಳದಲ್ಲಿ ಹೀಟರ್ ವೈರ್ ಹೋಗುವ ಸಂದಿಯಿದ್ದರೂ ಅಲ್ಲಿಂದಲೇ ನೆಲಕ್ಕೆ. ಹೆದರಿದವರು ಇನ್ನೊಬ್ಬರಿಗೆ ಧೈರ್ಯ ಹೇಳುವುದು ಅಷ್ಟಕ್ಕಷ್ಟೇ.

ನನ್ನ ಓಟು ಪೆನ್ಸಿಲ್ ಮೀನಿಗೆ, ಅದರಲ್ಲೂ ಬೆಕ್‌ಫೋರ್ಡ್ ಪೆನ್ಸಿಲ್‌ಗೆ. ಬಾಯಿ ಸೂಜಿಯಷ್ಟು ಸಣ್ಣದು. ತೇಲುವ ಗಿಡಗಳ ನಡುವೆ ಅಡ್ಡ ನಿಂತು, ಚೂರು ಮುಂದೆ, ಚೂರು ಹಿಂದೆ. ಗಂಡುಗಳು ತಮ್ಮತಮ್ಮಲ್ಲೇ ಜಗಳವಾಡುವುದರಿಂದ ಮೇಲ್ಪದರ ಯಾವಾಗಲೂ ಗಿಜಿಗಿಜಿ. ರಾತ್ರಿ ಟಾರ್ಚ್ ಹಾಕಿ ನೋಡಿ, ಹಗಲಿನ ಉದ್ದ ಪಟ್ಟೆ ಮಾಸಿ ಮೈಮೇಲೆ ಕಪ್ಪು ಕಲೆಗಳು ಮೂಡಿರುತ್ತವೆ. ಪೆನ್ಸಿಲ್ ಮೀನೊಂದು ಕೆಳಗಿಳಿದರೆ ಅಪಿಸ್ಟೊ ತಾಯಿ ಮೈ ಜಾಡಿಸಿ ಸನ್ನೆ ಮಾಡುತ್ತದೆ, ಮರಿಗಳೆಲ್ಲ ತಟ್ಟನೆ ಎಲೆಗಳಿಗೆ ಅಂಟಿ ಮರಳಿನ ಬಣ್ಣವಾಗಿಬಿಡುತ್ತವೆ. ತಾಯಿಯೊಂದು ಸಲ ನುಗ್ಗಿದರೆ ಪೆನ್ಸಿಲ್ ವಾಪಸ್. ಮೇಲಕ್ಕೆ ತೇಲಿಹೋದ ಒಂದೆರಡು ಮರಿ ಅದರ ಬಾಯಿಗೂ ಬೀಳುತ್ತವೆ, ಆ ನಷ್ಟ ಲೆಕ್ಕಕ್ಕಿಲ್ಲ. ತೊಂದರೆಯೆಂದರೆ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ಬೆಲೆಯೂ ನಿಯಾನ್‌ಗಿಂತ ಜಾಸ್ತಿ. ಆರ್ಟೀಮಿಯಾ (ಉಪ್ಪುನೀರಿನ ಸಣ್ಣ ಸಿಗಡಿಯಂಥ ಜೀವಿ) ಮರಿಗಳನ್ನು ಆಹಾರವಾಗಿ ಹಾಕುವಾಗ ಮೊದಲು ಮೇಲೆ ಪೆನ್ಸಿಲ್‌ಗೆ ಒಂದಿಷ್ಟು ಕೊಟ್ಟು, ಆಮೇಲೆ ಪಿಪೆಟ್‌ನಲ್ಲಿ ಕೆಳಗೆ ಬಿಟ್ಟರೆ ನೂಕುನುಗ್ಗಲು ತಪ್ಪುತ್ತದೆ.

ಕ್ರಿಬೆನ್ಸಿಸ್ ಅನ್ನುವ ಸಿಕ್ಲಿಡ್ ಸಾಕುವವರಿಗೆ ಮಾತ್ರ ಈ ಸಲಹೆ ಬೇಡ. ನೈಜೀರಿಯಾದ ಆ ಮೀನು ಮರಿ ಮಾಡಿದಾಗ ಪೆನ್ಸಿಲ್‌ನಂಥ ನಿಧಾನಿಗಳ ಬಾಲ ಉಳಿಯುವುದಿಲ್ಲ. ಅಲ್ಲಿಗೆ ನಮ್ಮ ದೇಶದ್ದೇ ಜೀಬ್ರಾ ಡೇನಿಯೊ ವಾಸಿ. ಮೂರಡಿ ಟ್ಯಾಂಕ್, ಗಡಸು ನೀರಾದರೂ ನಡೆಯುತ್ತದೆ, ಅಟ್ಟಿಸಿಕೊಂಡು ಬಂದರೆ ಕೈಗೆ ಸಿಗುವ ಮೀನಲ್ಲ ಅದು.