12 ಅಡಿಯ ಅಲ್ಯೂಮಿನಿಯಂ ದೋಣಿಗೆ ಚೆಕ್ಕರ್ ಪ್ಲೇಟ್ ಮತ್ತು ಎಕ್ಸ್‌ಪಿಎಸ್ ಫೋಮ್: ಹಲವು ಮಳೆಗಾಲಗಳ ಬಳಕೆಯ ನಂತರ

ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಪರವಾನಗಿ ಪಡೆದು ಮೀನು ಹಿಡಿಯಲು ಬಳಸುವ ನಮ್ಮ ಹಳೆಯ ಅಲ್ಯೂಮಿನಿಯಂ ದೋಣಿಯನ್ನು ಒಳಗಿನಿಂದ ಪೂರ್ತಿ ಬಿಚ್ಚಿ ಮರುಕಟ್ಟಿದಾಗ, ಕಾಲಡಿಗೆ 3 ಮಿ.ಮೀ. ಅಲ್ಯೂಮಿನಿಯಂ ಚೆಕ್ಕರ್ ಪ್ಲೇಟನ್ನೂ ತೇಲುವಿಕೆಗೆ 50 ಮಿ.ಮೀ. ದಪ್ಪದ ಎಕ್ಸ್‌ಪಿಎಸ್ (ಒತ್ತಿ ತಯಾರಿಸಿದ ಪಾಲಿಸ್ಟೈರೀನ್) ಫೋಮ್ ಹಲಗೆಗಳನ್ನೂ ಆರಿಸಿಕೊಂಡೆವು. ದೋಣಿಯೊಳಕ್ಕೆ ನೀರು ಬಾರದಂತೆ ಮಾಡುವುದು ಯಾರಿಂದಲೂ ಆಗದ ಕೆಲಸ. ಬಂದ ನೀರು ಇಳಿದುಹೋಗಲು ದಾರಿ ಬಿಡುವ, ಬೇಕೆಂದಾಗ ಬಿಚ್ಚಿ ಒಣಗಿಸಲು ಬರುವ ಸಾಮಗ್ರಿಯೇ ಮಲೆನಾಡಿನ ಅಂಚಿನ ಈ ಹವೆಗೆ ಸರಿ ಎಂಬ ಎಣಿಕೆಯಿಂದ ಆರಿಸಿದ್ದೆವು. ಇದುವರೆಗಿನ ಬಳಕೆ ಆ ಎಣಿಕೆಯನ್ನು ಬಹುಮಟ್ಟಿಗೆ ಸಮರ್ಥಿಸಿದೆ.

ಹಾಸನದ ಅಂಗಡಿಗಳಲ್ಲಿ ಮೊದಲು ಸೂಚಿಸಿದ್ದು ಐಎಸ್ 710 ಎಂಬ ಭಾರತೀಯ ಮಾನಕದ ಗುರುತಿನ ಮೆರೈನ್ ಪ್ಲೈವುಡ್. ಅದರ ಅಂಟು ಕುದಿಯುವ ನೀರಿಗೂ ಬಿಡದಂಥದ್ದು ಎಂಬುದು ನಿಜ. ಆದರೆ ಅಂಟು ಉಳಿಯುತ್ತದೆ ಎಂದಮಾತ್ರಕ್ಕೆ ಮರ ನೀರು ಕುಡಿಯುವುದಿಲ್ಲ ಎಂದಲ್ಲ. ಕತ್ತರಿಸಿದ ಪ್ರತಿ ಅಂಚಿಗೂ ಸ್ಕ್ರೂ ಕೊರೆದ ಪ್ರತಿ ತೂತಿಗೂ ನೀರು ತಡೆಯುವ ಎಪಾಕ್ಸಿ ರಾಳ ಹಚ್ಚಬೇಕು. ಅದಕ್ಕಿಂತ ಮುಖ್ಯವಾದ ಆಕ್ಷೇಪ ತಾಮ್ರದ್ದು. ಮರ ಕೊಳೆಯದಿರಲೆಂದು ಬಳಸುವ ಕೆಲವು ರಾಸಾಯನಿಕಗಳಲ್ಲಿ ತಾಮ್ರದ ಲವಣಗಳಿರುತ್ತವೆ, ಮತ್ತು ತೇವವಿರುವಲ್ಲಿ ತಾಮ್ರವು ಅಲ್ಯೂಮಿನಿಯಂ ಅನ್ನು ತೂತು ಬೀಳುವಷ್ಟು ತಿನ್ನುತ್ತದೆ. ಅಡಿಕೆಗೂ ಕಾಫಿಗೂ ಬೋರ್ಡೋ ದ್ರಾವಣ ಸಿಂಪಡಿಸುವ ನಮ್ಮ ಕಡೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆ ದ್ರಾವಣಕ್ಕೆ ಹಾಕುವ ತಾಮ್ರದ ಲವಣವಾದ ಮೈಲುತುತ್ತವನ್ನು ಯಾರೂ ಲೋಹದ ಪಾತ್ರೆಯಲ್ಲಿ ಕರಗಿಸುವುದಿಲ್ಲ. ಪ್ಲೈವುಡ್ಡನ್ನೇ ಹಾಕುವವರು ಅದಕ್ಕೆ ಯಾವ ಸಂರಕ್ಷಕ ಕೊಟ್ಟಿದ್ದಾರೆ ಎಂದು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಬಸ್ಸಿನ ಮೆಟ್ಟಿಲುಗಳಿಗೆ ಹಾಸುವ ಚೆಕ್ಕರ್ ಪ್ಲೇಟ್ ಎಲ್ಲರಿಗೂ ಪರಿಚಿತ. ಚದರ ಮೀಟರಿಗೆ ಅದರ ತೂಕ ಸುಮಾರು 8 ಕೆ.ಜಿ.; 12 ಮಿ.ಮೀ. ಪ್ಲೈವುಡ್ಡಿನ ತೂಕವೂ ಒಣಗಿರುವಾಗ ಹೆಚ್ಚುಕಡಿಮೆ ಅಷ್ಟೇ, ನೆನೆದ ಮೇಲೆ ಹೆಚ್ಚು. ಪ್ಲೇಟು ಕೊಳೆಯಲಿಲ್ಲ, ಬಾಗಲಿಲ್ಲ. ಬಾಗದಿರಲು ಮಾತ್ರ ಅಡಿಯಲ್ಲಿ ಅಡಿಗೊಂದರಂತೆ ಅಲ್ಯೂಮಿನಿಯಂ ಆ್ಯಂಗಲ್ ಕೊಡಬೇಕಾಯಿತು. ಎರಡು ಲೋಹಗಳು ಒಂದಕ್ಕೊಂದು ತಾಗಿ ಸವೆಯದಿರಲೆಂದು ಸ್ಟೀಲಿನ ಸ್ಕ್ರೂಗಳಿಗೆ ನೈಲಾನ್ ವಾಷರ್ ಹಾಕಿದ್ದೇವೆ. ತಾಮ್ರವಿರುವ ಹಿತ್ತಾಳೆಯನ್ನು ಹತ್ತಿರ ಸೇರಿಸಿಲ್ಲ. ಇದರ ದೋಷಗಳು ಎರಡು: ಮಾರ್ಚ್–ಏಪ್ರಿಲ್ ಬಿಸಿಲಿನಲ್ಲಿ ಬರಿಗಾಲಿಡಲು ಆಗುವುದಿಲ್ಲ, ಮತ್ತು ಗಾಳದ ಒಂದು ಸೀಸದ ಗುಂಡು ಬಿದ್ದರೂ ಆ ಸದ್ದು ನೀರಿನೊಳಕ್ಕೆ ಹೋಗಿ ಮೀನು ಬೆದರುತ್ತದೆ. ಇವೆರಡಕ್ಕೂ ಪರಿಹಾರವಾಗಿ ನಿಲ್ಲುವ ಜಾಗದಲ್ಲಷ್ಟೇ ಇವಿಎ ಎಂಬ ಮೆತ್ತನೆಯ, ರಬ್ಬರಿನಂಥ ಹಾಳೆ ಅಂಟಿಸಿದೆವು.

ತೇಲುವಿಕೆಯ ವಿಷಯದಲ್ಲಿ ಜನ ಸಾಮಾನ್ಯವಾಗಿ ಗಮನಿಸದ ಸಂಗತಿಯೊಂದಿದೆ. ಇಂಥ ದೋಣಿಗಳಲ್ಲಿ ಕಾರ್ಖಾನೆಯವರು ಫೋಮನ್ನು ಅಡ್ಡ ಆಸನಗಳ ಒಳಗೇ ಇಟ್ಟಿರುತ್ತಾರೆ; ಸಮತಟ್ಟಾದ ಡೆಕ್ ಬೇಕೆಂದು ಆಸನ ಕಿತ್ತರೆ ದೋಣಿಯ ಪ್ರಾಣವನ್ನೇ ಕಿತ್ತಂತೆ. ಅಮೆರಿಕದ ಕೋಸ್ಟ್ ಗಾರ್ಡ್ ನಿಯಮಗಳು 20 ಅಡಿಗಿಂತ ಚಿಕ್ಕ ಮೋಟಾರು ದೋಣಿಗಳಿಗೆ, ನೀರು ತುಂಬಿದರೂ ಮುಳುಗದಷ್ಟು ತೇಲುಬಲವನ್ನು ಕಡ್ಡಾಯ ಮಾಡಿರುವುದು ಸುಮ್ಮನೆ ಅಲ್ಲ. ಲೆಕ್ಕ ಕಷ್ಟದ್ದಲ್ಲ. ಅಲ್ಯೂಮಿನಿಯಂ ನೀರಿಗಿಂತ 2.7 ಪಟ್ಟು ಭಾರವಾದ್ದರಿಂದ 60 ಕೆ.ಜಿ. ತೂಗುವ ಒಡಲು ಮುಳುಗಿದಾಗ ಸುಮಾರು 38 ಕೆ.ಜಿ.ಯಷ್ಟು ಮಾತ್ರ ಕೆಳಕ್ಕೆ ಎಳೆಯುತ್ತದೆ. ಎಂಜಿನ್ ಮತ್ತು ಬ್ಯಾಟರಿಯ ತೂಕವನ್ನು ಪೂರ್ತಿ ಸೇರಿಸಿ, ದೋಣಿ ಹಿಡಿದು ತೇಲುವ ಜನರಿಗಾಗಿ ಇನ್ನಷ್ಟು ಕೂಡಿಸಬೇಕು. ಘನ ಮೀಟರಿಗೆ 32 ಕೆ.ಜಿ. ಸಾಂದ್ರತೆಯ 50 ಮಿ.ಮೀ. ಹಲಗೆ ಚದರ ಮೀಟರಿಗೆ 48 ಕೆ.ಜಿ. ಎತ್ತಿ ಹಿಡಿಯುತ್ತದೆ. ಫೋಮನ್ನೆಲ್ಲ ತಳದಲ್ಲೇ ತುಂಬಿದರೆ ನೀರು ತುಂಬಿದ ದೋಣಿ ಮಗುಚಿಕೊಳ್ಳುತ್ತದೆ. ಆದ್ದರಿಂದ ಹೆಚ್ಚಿನ ಪಾಲನ್ನು ಎರಡೂ ಪಕ್ಕಗಳಲ್ಲಿ ಸಾಧ್ಯವಾದಷ್ಟು ಮೇಲೆ ಮತ್ತು ಎಂಜಿನ್ನಿನ ಆಚೀಚೆ ಇಟ್ಟಿದ್ದೇವೆ.

ಎರಡು ದ್ರವಗಳನ್ನು ಬೆರೆಸಿ ಸುರಿಯುವ ಪಾಲಿಯುರೆಥೇನ್ ಫೋಮ್ ಮೂಲೆ ಮುಡುಕುಗಳಿಗೆಲ್ಲ ಹೋಗಿ ತಗಡಿಗೆ ಬಿಗಿಯನ್ನೂ ಕೊಡುತ್ತದೆ. ಈ ಗುಣ ಎಕ್ಸ್‌ಪಿಎಸ್‌ಗೆ ಇಲ್ಲ. ಆದರೆ ಸುರಿಯುವ ಫೋಮ್ ನೀರು ಹರಿದುಹೋಗುವ ಸಂದನ್ನೂ ಮುಚ್ಚಿಬಿಡುತ್ತದೆ, ವರ್ಷಗಟ್ಟಲೆ ನೀರಿನಲ್ಲಿ ಕುಳಿತರೆ ಭಾರವಾಗುತ್ತದೆ, ಮತ್ತು ರಿವೆಟ್ ಸೋರಿದರೆ ಅಗೆದು ತೆಗೆಯದೆ ಬೇರೆ ದಾರಿಯಿಲ್ಲ. ಮಾಮೂಲಿ ಥರ್ಮೋಕೋಲ್ ಅಗ್ಗ, ಆದರೆ ಕಾಳುಗಳ ನಡುವೆ ನೀರು ಹಿಡಿಯುತ್ತದೆ. ಎಕ್ಸ್‌ಪಿಎಸ್ ಹಲಗೆಗಳನ್ನು ಪ್ರತಿ ಬೇಸಿಗೆಯಲ್ಲಿ ಹೊರತೆಗೆದು ನೋಡುತ್ತೇವೆ; ಅಂಚುಗಳು ಸ್ವಲ್ಪ ಸವೆದಿರುವುದನ್ನು ಬಿಟ್ಟರೆ ಕೈಗೆ ತೂಕ ಹೆಚ್ಚಾದಂತೆ ತೋರಿಲ್ಲ. ಪೆಟ್ರೋಲ್ ತಾಗಿದರೆ ಮಾತ್ರ ಇದು ಕರಗಿಹೋಗುತ್ತದೆ. ಚಪ್ಪಲಿಗೆ ಹಾಕುವ ಹಳದಿ ಅಂಟು ತಾಗಿದರೂ ಅದೇ ಗತಿ. ಹಾಗಾಗಿ ಇಂಧನದ ಟ್ಯಾಂಕಿನ ಪಕ್ಕದ ಹಲಗೆಗಳಿಗೆ ದಪ್ಪ ಪಾಲಿಥೀನ್ ಸುತ್ತಿದ್ದೇವೆ. ವೆಲ್ಡಿಂಗ್ ಕೆಲಸ ಯಾವುದಿದ್ದರೂ ಫೋಮ್ ಇಡುವ ಮೊದಲೇ ಮುಗಿಯಬೇಕು, ಏಕೆಂದರೆ ಇವೆಲ್ಲವೂ ವಿಷದ ಹೊಗೆ ಉಗುಳುತ್ತ ಉರಿಯುವ ವಸ್ತುಗಳು.

ದುಡ್ಡಿನ ಮಾತು ಹೇಳುವುದಾದರೆ, ಪ್ಲೇಟು ದುಬಾರಿಯೇ. ಗುಜರಿಗೆ ಹಾಕಿದರೂ ಒಂದಿಷ್ಟು ಹಿಂದಿರುಗುತ್ತದೆ ಎಂಬುದು ಪ್ಲೈವುಡ್ಡಿಗಿಲ್ಲದ ಅನುಕೂಲ. ಸದ್ಯಕ್ಕೆ ಬದಲಾಯಿಸಬೇಕಾಗಿರುವುದು ಇವಿಎ ಹಾಳೆಯೊಂದೇ. ಅದರ ಅಂಚು ಎದ್ದು ಅಡಿಯಲ್ಲಿ ಕೆಸರುನೀರು ನಿಲ್ಲತೊಡಗಿದೆ, ಹಾಗೆ ನಿಂತಲ್ಲಿ ಪ್ಲೇಟಿನ ಮೇಲೆ ಲೋಹ ಸವೆಯುವುದರ ಗುರುತಾದ ಬಿಳಿ ಹುಡಿ ಕಾಣಿಸಿಕೊಂಡಿದೆ. ಮುಂದಿನ ಸಲ ಅಂಟು ಹಾಕದೆ, ನಾಲ್ಕು ಮೂಲೆಗಳಲ್ಲಿ ತಿರುಗುಬಿಲ್ಲೆಯಿಂದ ಹಿಡಿದಿಟ್ಟು, ದಡಕ್ಕೆ ಬಂದೊಡನೆ ಎತ್ತಿ ಒಣಹಾಕುವಂತೆ ಮಾಡಬೇಕೆಂದಿದ್ದೇವೆ.